ಮೊದಲ ಪೆಂಡಿ ಕೊಟ್ಟವಳು

ಹಳೆಯ ಹುಲ್ಲು ಮಳೆಯಲ್ಲಿ ನೆನೆದು, ಮೇಲೆ ಬಿಸಿಲು ಬಿದ್ದಾಗ ಒಂದು ವಾಸನೆ ಬರುತ್ತದೆ. ಹೊಗೆ, ಧೂಳು, ಇಲಿ, ವರ್ಷಗಟ್ಟಲೆಯ ಒಲೆ, ಎಲ್ಲ ಸೇರಿಕೊಂಡ ವಾಸನೆ. ಅದು ಒಳ್ಳೆಯ ವಾಸನೆ ಎಂದು ಸುಳ್ಳು ಯಾಕೆ ಹೇಳಲಿ? ಹೋದ ಬೇಸಿಗೆಯಲ್ಲಿ ಹುಮನಾಬಾದಿನ ತರಕಾರಿ ಬಜಾರಿನ ಹತ್ತಿರ ಒಂದು ಟ್ರ್ಯಾಕ್ಟರ್ ನಿಂತಿತ್ತು, ಯಾರದೋ ಕೊಟ್ಟಿಗೆಯಿಂದ ಕಿತ್ತ ಹುಲ್ಲು ಹೇರಿಕೊಂಡು. ಹಿಂದಿನ ದಿನ ಅಡ್ಡಮಳೆ ಬಂದಿತ್ತು. ಬದನೆಕಾಯಿ ಆರಿಸುತ್ತಿದ್ದ ನನ್ನ ಕೈ ಹಾಗೇ ನಿಂತಿತು. “ಟೀಚರಬಾಯಿ, ತೊಗೊಳ್ತೀರೋ ಇಲ್ಲೋ? ಹಿಂದ ಮಂದಿ ನಿಂತಾರ ನೋಡ್ರಿ” ಎಂದು ಕಾಯಿಪಲ್ಯದವಳು ಗದರಿದಾಗ ಎಚ್ಚರವಾಯಿತು. ಮನೆಗೆ ಬಂದು ಚೀಲ ಇಳಿಸುವಷ್ಟರಲ್ಲಿ ತಮ್ಮ ವೈಜಿನಾಥನ ಫೋನು. “ಅಕ್ಕಾ, ಊರ ಮನಿಗಿ ಗಿರಾಕಿ ಬಂದಾರ. ನಿನ್ನ ಸಹಿ ಬೇಕು, ಕಾಶಮ್ಮತ್ತಿದೂ ಬೇಕು” ಎಂದ. ಆಯಿತು ಎಂದೆ. ಫೋನಿಟ್ಟು ಬದನೆಕಾಯಿ ತೊಳೆದೆ, ಹೆಚ್ಚಿದೆ, ಒಗ್ಗರಣೆ ಹಾಕಿದೆ. ಹುಟ್ಟಿದ ಮನೆ ಮಾರುವ ಸುದ್ದಿ ಕೇಳಿದವಳಿಗೆ ಏನಾದರೂ ಆಗಬೇಕಲ್ಲ ಎಂದು ನನ್ನನ್ನು ನಾನೇ ನೋಡಿಕೊಂಡೆ. ಏನೂ ಆಗಲಿಲ್ಲ.

ಬಸವಕಲ್ಯಾಣದಿಂದ ಹುಲಸೂರಿಗೆ ಹೋಗುವ ಹಾದಿಯಿಂದ ಸ್ವಲ್ಪ ಒಳಗೆ ನಮ್ಮೂರು. ಮನೆ ಮುತ್ತಜ್ಜನ ಕಾಲದ್ದು. ಕೆಂಪು ಕಲ್ಲಿನ ಮೊಳದಗಲದ ಗೋಡೆ, ಅದಕ್ಕೆ ಮಣ್ಣು ಸಗಣಿಯ ಗಿಲಾವು, ಮೇಲೆ ಗುಡ್ಡದ ಹುಲ್ಲಿನ ದಪ್ಪ ಛಪ್ಪರ. ಆ ಛಪ್ಪರ ಎಷ್ಟು ಕೆಳಗೆ ಇಳಿದಿತ್ತೆಂದರೆ ಪಕ್ಕದ ಮನೆಯ ಆಡು ಹಿಂಗಾಲ ಮೇಲೆ ನಿಂತು ನಮ್ಮ ಮನೆಯನ್ನೇ ಮೇಯುತ್ತಿತ್ತು, ಅವ್ವ ಬಡಿಗೆ ಹಿಡಿದು ಓಡುತ್ತಿದ್ದಳು. ಬಾಗದೆ ಒಳಗೆ ಬಂದವರಿಲ್ಲ. ಊರ ಗೌಡರು ಕೂಡ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡೇ ಬರಬೇಕು, ಅದೊಂದು ನಮ್ಮಪ್ಪನಿಗೆ ಒಳಗೊಳಗೇ ಖುಷಿ. ಹೊರಗೆ ಬಿಸಿಲು ಧಗಧಗ ಎನ್ನುವಾಗ ಒಳಗೆ ಕಾಲಿಟ್ಟರೆ ಗಡಿಗೆಯ ನೀರಿನಲ್ಲಿ ಕೈ ಅದ್ದಿದ ಹಾಗೆ. ಈಗಿನವರು ಅದರ ಫೋಟೋ ನೋಡಿ “ಎಷ್ಟು ಛಂದ” ಎನ್ನುತ್ತಾರೆ. ಫೋಟೋದಲ್ಲಿ ಕಾಣದ್ದು ಅವ್ವನಿಗೆ ಗೊತ್ತಿತ್ತು. ಹಾಸಿಗೆಯ ಮೇಲೆ ಚೇಳು ಬೀಳುತ್ತಿತ್ತು. ಒಲೆಯ ಒಂದು ಕಿಡಿಗೆ ಹೆದರಿ, ಗಾಳಿ ಎದ್ದ ದಿನ ಅವಳು ಅಡಿಗೆಯನ್ನೇ ಮಾಡುತ್ತಿರಲಿಲ್ಲ. ಮಳೆಗಾಲದಲ್ಲಿ ಬುಟ್ಟಿ, ಬಕೀಟು, ತಂಬಿಗೆ ಒಂದೊಂದು ಸೋರುವ ಕಡೆ ಇಟ್ಟು ಉಳಿದ ಜಾಗದಲ್ಲಿ ನಾವು ಮಲಗುತ್ತಿದ್ದೆವು. ನಿಮ್ಮಲ್ಲಿ ಯಾರಾದರೂ ಅಂಥ ಮನೆಯಲ್ಲಿ ಬೆಳೆದಿದ್ದರೆ ನಿಮಗೆ ಹೊಸದಾಗಿ ಹೇಳಬೇಕಾದ್ದಿಲ್ಲ.

ವರ್ಷಕ್ಕೊಮ್ಮೆ, ಮುಂಗಾರಿನ ಮಿರಗದ ಮಳೆ ಹಿಡಿಯುವ ಮುಂಚೆ, ಛಪ್ಪರ ಹೊಸದಾಗಿ ಹೊದಿಸಬೇಕು. ಅಪ್ಪ ಚಳಿಗಾಲದಲ್ಲೇ ಗುಡ್ಡದಿಂದ ಹುಲ್ಲು ಕೊಯ್ದು ತಂದು ಒಟ್ಟಿರುತ್ತಿದ್ದ. ಪುಂಡಿಯ ನಾರು ನೀರಲ್ಲಿ ನೆನೆಹಾಕುತ್ತಿದ್ದ. ಹುಲ್ಲನ್ನು ತೋಳಲ್ಲಿ ತಬ್ಬುವಷ್ಟು ದಪ್ಪದ ಕಟ್ಟು ಕಟ್ಟುತ್ತಿದ್ದ, ಅದಕ್ಕೆ ಪೆಂಡಿ ಎನ್ನುತ್ತೇವೆ. ಎಲ್ಲ ಸಿದ್ಧವಾದರೂ ಕೆಲಸ ಶುರುವಾಗುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಮೊದಲ ಪೆಂಡಿಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಕೊಡುವ ಕೈ ಮನೆಯ ಮಗಳದ್ದೇ ಆಗಬೇಕು. ಸೊಸೆ ಕೊಡುವ ಹಾಗಿಲ್ಲ, ಗಂಡಸರು ಕೊಡುವ ಹಾಗಿಲ್ಲ. ಮುತ್ತೈದೆಯೇ ಆಗಬೇಕೆಂದಿಲ್ಲ, ಮಗಳಾದರೆ ಸಾಕು. ಅವಳನ್ನು ಎಲ್ಲಿಗೇ ಕೊಟ್ಟಿರಲಿ, ಹೋಗಿ ಕರೆದು ತರಬೇಕು. ಅವಳು ಎತ್ತಿ ಕೊಡದಿದ್ದರೆ ಮನೆ ಸೋರುತ್ತದೆ ಎನ್ನುತ್ತಿದ್ದರು. ಕೊಟ್ಟರೂ ಸೋರುತ್ತಿತ್ತು, ಅದು ಬೇರೆ ಮಾತು.

ನಮ್ಮ ಮನೆಯ ಮಗಳೆಂದರೆ ಅಪ್ಪನ ಒಬ್ಬಳೇ ತಂಗಿ ಕಾಶಮ್ಮತ್ತೆ. ಅವಳನ್ನು ಕೊಡಂಬಲಕ್ಕೆ ಕೊಟ್ಟಿದ್ದರು. ಅವಳ ಅತ್ತೆಮನೆಯವರು ಬಡಿಯುವವರಲ್ಲ, ಆದರೆ ಬಿಡುವವರೂ ಅಲ್ಲ. ಪಂಚಮಿಗೆ ಕರೆಯಲು ಹೋದರೆ ಹೊಲದಲ್ಲಿ ಕಳೆ ಇದೆ, ದೀಪಾವಳಿಗೆ ಹೋದರೆ ಆಕಳು ಕರು ಹಾಕಿದೆ. ಅಪ್ಪ ಎರಡು ಸಲ ಬರಿಗೈಲಿ ತಿರುಗಿ ಬಂದ. ಛಪ್ಪರ ಹೊದಿಸಲು ಕರೆದಾಗ ಮಾತ್ರ ಆ ಮನೆಯ ಹಿರಿಯಳು ಇಲ್ಲ ಎನ್ನುತ್ತಿರಲಿಲ್ಲ. ಇನ್ನೊಬ್ಬರ ಮನೆ ಸೋರಿದ ಪಾಪ ತನ್ನ ತಲೆಗೆ ಬರುತ್ತದೆಂಬ ಹೆದರಿಕೆ. ಹಾಗಾಗಿ ವರ್ಷಕ್ಕೆ ಎಂಟು ದಿನ, ಅಷ್ಟೇ ಅತ್ತೆಯ ತವರು. ಮನ್ನಾಏಖೇಳ್ಳಿಗೆ ಬಂದು ಬಸ್ಸು ಹಿಡಿದು, ಹುಮನಾಬಾದಿನಲ್ಲಿ ಇಳಿದು ಇನ್ನೊಂದು ಹತ್ತಿ, ಕಲ್ಯಾಣದಲ್ಲಿ ಮತ್ತೊಂದು ಹತ್ತಿ ಬರುತ್ತಿದ್ದಳು. ಮೊದಲ ದಿನ ಪೆಂಡಿ ಕೊಟ್ಟರೆ ಅವಳ ಕೆಲಸ ಮುಗಿಯಿತು. ಆಮೇಲೆ ಅವಳು ಮಾಡುತ್ತಿದ್ದುದು ಎರಡೇ: ಮಾತಾಡುವುದು, ಮಲಗುವುದು. ಮಧ್ಯಾಹ್ನ ಮಾವಿನ ಸೀಕರಣಿ ಉಂಡು, ನಡುಮನೆಯಲ್ಲಿ ಸೆರಗು ಹಾಸಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಮೇಲೆ ಗಂಡಸರು ಹುಲ್ಲು ಬಡಿಯುವ ಸದ್ದಿಗೂ ಅವಳಿಗೆ ಎಚ್ಚರವಿಲ್ಲ. ಅವ್ವ ಅವಳನ್ನು ದಾಟಿಕೊಂಡು, ಸುತ್ತಿಕೊಂಡು, ಹತ್ತು ಆಳಿಗೆ ರೊಟ್ಟಿ ಬಡಿಯುತ್ತಿದ್ದಳು. ನನಗೆ ಅತ್ತೆಯನ್ನು ಕಂಡರೆ ಮೈಯೆಲ್ಲ ಉರಿ.

ನಾನು ಐದನೆಯ ತರಗತಿಯಲ್ಲಿದ್ದಾಗ ಅವ್ವನ ಬಹಳ ವರ್ಷದ ಬೇಡಿಕೆಗೆ ಅಪ್ಪ ಕಡೆಗೂ ಹೂಂ ಎಂದ. ಹುಮನಾಬಾದಿನಿಂದ ಬಂಡಿಯಲ್ಲಿ, ಹುಲ್ಲಿನ ಬದಲು ಹೊದಿಸಲು, ತಗಡಿನ ಪತ್ರಾ ಬಂದವು. ಅವ್ವ ಅವುಗಳನ್ನು ಗೋಡೆಗೆ ಆನಿಸಿ, ಹಸಿ ಅರಿವೆಯಿಂದ ಒರೆಸಿಟ್ಟಳು. ಹೊಸ ಪಾತ್ರೆ ತಂದರೂ ಅವಳು ಅಷ್ಟು ಒರೆಸಿದವಳಲ್ಲ. ಅತ್ತೆಯನ್ನು ಆ ವರ್ಷವೂ ಕರೆಸಿದ್ದರು, ಕಡೆಯ ಸಲ ಎಂದು. ಅವಳು ಬಂದವಳೇ ಅಂಗಳದಲ್ಲಿ ನಿಂತಳು.

“ಇವೇನಣ್ಣಾ?”

“ಪತ್ರಾ ಹಾಕಸಾಕತ್ತೀನಿ. ಇನ್ನ ವರ್ಷಾ ವರ್ಷಾ ಈ ತ್ರಾಸ ಇಲ್ಲ.”

“ಮತ್ತ ನಾ?”

“ನಿನಗೇನಾತು? ಪತ್ರಾ ಇದ್ರೂ ಕರೀತೀನಿ.”

“ಏನಂತ ಕರೀತಿ?” ಎಂದಳು ಅತ್ತೆ.

ಅಪ್ಪ ಬಗ್ಗಿ ಅವಳ ಚೀಲ ಎತ್ತಿಕೊಂಡ. ಅಲ್ಲೇ ಇದ್ದ ನಾನು ಸುಮ್ಮನಿರಬೇಕೋ ಬೇಡವೋ? “ಬರದಿದ್ರ ಬಿಡು ಅತ್ತಿ, ನಮ್ಮವ್ವಗ ಸೋರೋ ಮನಿ ಸಾಕಾಗ್ಯಾದ” ಎಂದುಬಿಟ್ಟೆ. ಅವ್ವ ಒಳಗಿನಿಂದ ಬಂದು ನನ್ನ ಕೆನ್ನೆಗೆ ಹೊಡೆದಳು. ಅವಳ ಪರವಾಗಿ ಮಾತಾಡಿ ಅವಳಿಂದಲೇ ಏಟು ತಿಂದೆನಲ್ಲ ಎಂದು ನಾನು ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ. ಕಾಶಮ್ಮತ್ತೆ ಅವತ್ತು ಊಟ ಮಾಡಲಿಲ್ಲ, ಹಗಲು ಮಲಗಲೂ ಇಲ್ಲ. ಮರುದಿನ ಬೆಳಿಗ್ಗೆ ಅವ್ವ ಅಪ್ಪನಿಗೆ ಚಹಾ ಕೊಡುತ್ತ, “ಆ ಪತ್ರಾ ವಾಪಸ್ ಕೊಟ್ಟು ಬರ್ರಿ. ಹುಲ್ಲ ಹೊಚ್ಚೋಣು” ಎಂದಳು. ಅತ್ತೆಯ ಮುಖ ನೋಡಲಿಲ್ಲ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಅಷ್ಟಕ್ಕಷ್ಟೆ, ಮುಂದೆಯೂ ಹಾಗೇ ಇದ್ದರು. ಅವ್ವ ಆಮೇಲೆ ಬದುಕಿದ್ದಷ್ಟು ಮಳೆಗಾಲವೂ ಅದೇ ಛಪ್ಪರದ ಕೆಳಗೆ ಬಕೀಟು ಸರಿಸಿದಳು. ಅವಳು ಸತ್ತ ವರ್ಷ, ಅವಳ ಹಾಸಿಗೆಯನ್ನು ಒಂದೇ ವಾರದಲ್ಲಿ ಮೂರು ಸಲ ಜರುಗಿಸಿದ್ದೆವು.

ನನ್ನ ಮದುವೆ ಹುಮನಾಬಾದಿಗೆ ಆಯಿತು. ನಮ್ಮ ಮನೆಯವರು ಒಳ್ಳೆಯವರೇ. ಆದರೂ ಮೊದಲ ವರ್ಷ ಛಪ್ಪರಕ್ಕೆ ಕರೆ ಬಂದು ನಾನು ಹೋದಾಗ, ಉಂಡವಳು ನಡುಮನೆಯಲ್ಲಿ ಸುಮ್ಮನೆ ಅಡ್ಡಾದೆ. ಎದ್ದಾಗ ಹೊತ್ತು ಇಳಿದಿತ್ತು. ಪಕ್ಕದಲ್ಲಿ ಕಾಶಮ್ಮತ್ತೆ ಕೈ ತಲೆಗಿಟ್ಟು ಮಲಗಿ ನನ್ನನ್ನೇ ನೋಡುತ್ತಿದ್ದಳು. “ಈಗ ತಿಳೀತೇನು, ಜಾಣಿ?” ಎಂದಳು. ನನಗೆ ನಾಚಿಕೆಯಾಯಿತು. ಅಲ್ಲಿಂದ ಮುಂದೆ ನಾವಿಬ್ಬರೂ ಸೇರಿ ಪೆಂಡಿ ಎತ್ತಿ ಕೊಡುತ್ತಿದ್ದೆವು. ಅವಳು ಬುಡ ಹಿಡಿಯುತ್ತಿದ್ದಳು, ನಾನು ತುದಿ.

ಅಪ್ಪ ಹೋದ ಮೇಲೂ ವೈಜಿನಾಥ ನಾಲ್ಕು ವರ್ಷ ಕರೆದ. ಆಮೇಲೆ ಹುಲ್ಲು ಹೊದಿಸಲು ಬಲ್ಲವರು ಒಬ್ಬೊಬ್ಬರಾಗಿ ತೀರಿಕೊಂಡರು. ಅವನೂ ಕಲ್ಯಾಣದಲ್ಲಿ ಟೈರಿನ ಅಂಗಡಿ ಇಟ್ಟು ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಉಳಿದ. ಛಪ್ಪರದ ಮೇಲೆ ನೀಲಿ ತಾಡಪತ್ರಿ ಹೊದಿಸಿ ನಾಲ್ಕು ಕಡೆ ಕಲ್ಲು ಕಟ್ಟಿದ. ಅವನನ್ನು ನಾನು ಬೈಯಲಾರೆ, ನಾನಾದರೂ ಏನು ಮಾಡುತ್ತಿದ್ದೆ? ಆ ವರ್ಷ ರೋಹಿಣಿ ಮಳೆ ಮುಗಿಯುತ್ತ ಬಂದಾಗ ಅತ್ತೆ ನನಗೆ ಫೋನು ಮಾಡಿದಳು. ಈ ಸಲ ಹೊಚ್ಚುವುದಿಲ್ಲವೇ ಎಂದು ಕೇಳಿದಳು. ತಾಡಪತ್ರಿಯ ಸುದ್ದಿ ಹೇಳಿದೆ. ಅಷ್ಟೊತ್ತಿಗೆ ಅವಳ ಗಂಡ ಇರಲಿಲ್ಲ, ಗಂಡನ ತಾಯಿಯೂ ಇರಲಿಲ್ಲ. ಅವಳನ್ನು ಹಿಡಿದು ನಿಲ್ಲಿಸುವವರು ಕೊಡಂಬಲದಲ್ಲಿ ಯಾರೂ ಉಳಿದಿರಲಿಲ್ಲ. “ಸುಮ್ಮ ಬಾ ಅತ್ತಿ, ನಾನೂ ಬರ್ತೀನಿ, ಇಬ್ಬರೂ ಎರಡು ದಿನ ಇದ್ದು ಬರೂಣು” ಎಂದೆ. “ಕರೀದ ಹ್ಯಾಂಗ ಬರ್ಲಿ?” ಎಂದಳು. ನಾನೂ ಹೋಗಲಿಲ್ಲ. ಹಾಗೆ ಆರು ಮಳೆಗಾಲ ಕಳೆದವು.

ಈಗ ಈ ಗಿರಾಕಿ. ಬೀದರ ಕಡೆಯವರೇ, ಹೈದರಾಬಾದಿನಲ್ಲಿ ನೆಲೆಸಿದವರು. ಕಲ್ಯಾಣಕ್ಕೆ ಬರುವ ಪ್ರವಾಸಿಗಳಿಗೆ ಹಳೆಯ ಕಾಲದ ಮನೆಯಲ್ಲಿ ಎರಡು ದಿನ ಇರುವ ಅನುಕೂಲ ಮಾಡುತ್ತಾರಂತೆ. ವೈಜಿನಾಥ ಮನೆಯ ಫೋಟೋ ಹಾಕಿ ಮಾರಾಟಕ್ಕಿದೆ ಎಂದು ಬರೆದಾಗ, ಎಲ್ಲರೂ ಜಾಗದ ಅಳತೆ ಕೇಳಿದರೆ ಇವರೊಬ್ಬರು ಛಪ್ಪರದ ಬಗ್ಗೆ ಕೇಳಿದರಂತೆ. ಅತ್ತೆಗೆ ಸುದ್ದಿ ಹೇಳುವ ಕೆಲಸ ನನಗೆ ಬಂತು. ಮನೆ ಮಾರುತ್ತಿದ್ದೇವೆ ಎಂದೆ. “ಛಪ್ಪರ ತೆಗೀತಾರೇನು?” ಎಂದಳು.

“ಇಲ್ಲತ್ತಿ. ಛಪ್ಪರ ಅದ ಅಂತನೇ ತೊಗೊಳ್ಳಾಕತ್ತಾರ.”

“ಖರೇನ?” ಎಂದು ಅವಳು ನಕ್ಕ ಸದ್ದು ಕೇಳಿಸಿತು. ಅವಳು ಯಾಕೆ ನಕ್ಕಳೆಂದು ನನಗೆ ತಿಳಿಯಲಿಲ್ಲ. ತಿಳಿದಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ.

ಕಲ್ಯಾಣದ ನೋಂದಣಿ ಕಚೇರಿಗೆ ಅವಳು ಹೊಸ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಳು. ಮಾರಾಟಕ್ಕೆ ಬಂದವಳ ಹಾಗಿರಲಿಲ್ಲ. ಬೆಂಚಿನ ಮೇಲೆ ನಮ್ಮ ಸರದಿ ಕಾಯುತ್ತ ಕೂತಾಗ ಎದ್ದು ಮನೆ ಕೊಳ್ಳುವ ಆ ಸಾಹೇಬರ ಹತ್ತಿರ ಹೋದಳು. ನಾನೂ ಹಿಂದೆಯೇ ಹೋದೆ.

“ಸಾಹೇಬ್ರ, ನಾ ಆ ಮನಿ ಮಗಳು. ಹುಲ್ಲ ಯಾವಾಗ ಹೊಚ್ಚಸ್ತೀರಿ? ನನಗೊಂದು ಫೋನ್ ಮಾಡ್ರಿ ಸಾಕು. ಮೊದಲ ಪೆಂಡಿ ಎತ್ತಿ ಕೊಟ್ಟು ಅವತ್ತೇ ಹೊಂಟು ಹೋಗ್ತೀನಿ. ನನಗ ಊಟಾ ಬ್ಯಾಡ, ಏನೂ ಬ್ಯಾಡ. ರೂಢಿ ಅದರಿ ಅದು.”

ಅವರು ಒಳ್ಳೆಯ ಮನುಷ್ಯ. ಅವಳನ್ನು ಕೂರಿಸಿ, ಪೂರ್ತಿ ಕೇಳಿಸಿಕೊಂಡು, ಚೀಲದಿಂದ ಒಂದು ಹಿಡಿ ಹುಲ್ಲು ತೆಗೆದು ಅವಳ ಕೈಗಿಟ್ಟರು. “ನೋಡಿ ಅಮ್ಮಾ, ಇದನ್ನು ಹೊದಿಸ್ತೀವಿ. ನೋಡೋಕೆ ಹುಲ್ಲೇ, ಆದರೆ ಪ್ಲಾಸ್ಟಿಕ್. ಸೋರಲ್ಲ, ಬೆಂಕಿ ಹತ್ತಲ್ಲ, ಹುಳ ಬೀಳಲ್ಲ. ಒಂದು ಸಲ ಹಾಕಿದರೆ ಇಪ್ಪತ್ತು ವರ್ಷ ಯಾರೂ ಮುಟ್ಟಬೇಕಾಗಿಲ್ಲ. ನಿಮಗೆ ಆ ತೊಂದರೆ ಬೇಡ.”

ಅತ್ತೆ ಅದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು. ಬಗ್ಗಿಸಿದಳು. ಮುರಿಯಲಿಲ್ಲ.

“ಛಲೋ ಅದರಿ” ಎಂದಳು. ಆಮೇಲೆ, “ನಿಮಗ ಅಕ್ಕ ತಂಗೇರು ಅದಾರೇನ್ರಿ?” ಎಂದು ಕೇಳಿದಳು.

“ಒಬ್ಬಳು ತಂಗಿ ಇದ್ದಾಳಮ್ಮಾ, ಪುಣೆಯಲ್ಲಿ.”

“ಬರ್ತಾಳೇನ್ರಿ?”

“ಎಲ್ಲಿ ಬರ್ತಾಳೆ? ಅವಳಿಗೂ ಕೆಲಸ, ನಮಗೂ ಕೆಲಸ. ಫೋನಲ್ಲೇ ಮಾತಾಡ್ತೀವಿ.”

ಅತ್ತೆ ತಲೆಯಾಡಿಸಿದಳು. ಆ ಹುಲ್ಲನ್ನು ಅವರ ಕೈಗೆ ವಾಪಸ್ ಕೊಟ್ಟು ಬಂದು ಕೂತಳು. ನಮ್ಮ ಹೆಸರು ಕೂಗಿದರು. ಕಚೇರಿಯವರು ತೋರಿಸಿದ ಕಡೆಯೆಲ್ಲ ಅವಳು ಹೆಬ್ಬೆಟ್ಟು ಒತ್ತಿದಳು, ನಾನು ಸಹಿ ಹಾಕಿದೆ. ವೈಜಿನಾಥ ಪೇಢೆ ತಂದು ಹಂಚಿದ. ಮುಗಿಯಿತು. ಈಗಲಾದರೂ ಅಳು ಬರಬಹುದೆಂದು ಕಾದೆ. ಪೇಢೆ ಸಿಹಿ ಹೆಚ್ಚಾಗಿದೆ ಎನಿಸಿತು, ಅಷ್ಟೇ. ಇದೇನು, ಮರಗಟ್ಟಿ ಹೋದೆನೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು, ಅದೂ ನಿಲ್ಲಲಿಲ್ಲ.

ಹುಮನಾಬಾದಿನವರೆಗೆ ನಮ್ಮಿಬ್ಬರದು ಒಂದೇ ಬಸ್ಸು. ಮೂರು ಜನರ ಸೀಟಿನಲ್ಲಿ ನಾನು ಕಿಟಕಿಗೆ, ಅತ್ತೆ ನಡುವೆ, ಆ ಕಡೆ ಯಾರೋ ನಡುವಯಸ್ಸಿನ ಹೆಣ್ಣುಮಗಳು, ಮಡಿಲಲ್ಲಿ ಉಳ್ಳಾಗಡ್ಡಿಯ ಚೀಲ. ಕಂಡಕ್ಟರ್ ಬಂದಾಗ ಇಬ್ಬರ ಆಧಾರ್ ಕಾರ್ಡನ್ನೂ ತೋರಿಸಿದೆ. ನಮ್ಮ ಮನೆಗೆ ಬಂದು ಇದ್ದು ನಾಳೆ ಹೋಗು ಎಂದಿದ್ದಕ್ಕೆ ಅತ್ತೆ ಬೇಡವೆಂದು ಕೈ ಆಡಿಸಿದ್ದಳು. ಊರು ದಾಟಿ ಬಸ್ಸು ಹೆದ್ದಾರಿ ಹಿಡಿದ ಮೇಲೆ ಆ ಹೆಣ್ಣುಮಗಳು ಹೊತ್ತು ಹೋಗದೆ ಅವಳ ಕಡೆ ತಿರುಗಿದಳು.

“ಹೊಸಾ ಸೀರಿ ಉಟ್ಟೀದಿ ಆಯಿ. ಎಲ್ಲಿಗಿ ಹೋಗಿದ್ದಿ?”

“ತವರಮನಿಗವ್ವಾ.”

“ಈ ವಯಸ್ಸಿನ್ಯಾಗೂ ತವರಮನಿ ಅದ ಅಂದ್ರ ಪುಣ್ಯಾ ಮಾಡೀದಿ ನೋಡು. ಎಲ್ಲಾರೂ ಆರಾಮದಾರೇನು?”

ನಾನು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದೆ. ನನ್ನ ಪಕ್ಕದಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

“ಆರಾಮದಾರವ್ವಾ,” ಎಂದಳು. “ಕರದಿದ್ರು, ಹೋಗಿದ್ದೆ.”