ಖಾಲಿ ಮನೆಗೊಂದು ಚೊಂಬು ನೀರು

ಬೆಳಕು ಹರಿಯುವ ಮೊದಲೇ ಅವಳು ಬಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಸೊಂಟದಲ್ಲಿ ಕೀಲಿಗೊಂಚಲು. ಯಾರೂ ವಾಸವಿಲ್ಲದ ಮನೆಯ ಬಾಗಿಲು ತೆಗೆದು ಬಚ್ಚಲಿನ ಜಾಲರಿಯ ಮೇಲೆ ಒಂದು ಚೊಂಬು ನೀರು ಸುರಿಯುತ್ತಾಳೆ. ಬಾಗಿಲು ಎಳೆದುಕೊಂಡು ಪಕ್ಕದ ಮನೆಗೆ. ಖಾಲಿ ಮನೆಗಳ ನಲ್ಲಿ ಬಂದ್ ಆಗಿರುವುದರಿಂದ ಮಹಡಿಗೊಂದು ಬಕೆಟ್ ನೀರು ಕೆಳಗಿನಿಂದಲೇ ಬರಬೇಕು. ಸುರಿಯುವಾಗ ತುಟಿ ಅಲ್ಲಾಡುತ್ತದೆ: "ಈ ಮನೇಲಿ ಒಲೆ ಹೊತ್ತಲಪ್ಪಾ, ದೇವರೇ."

ಬಳಸದ ಬಚ್ಚಲಿನ ಕೊಳವೆಯ ಬಾಗಿನಲ್ಲಿ ತಡೆಯಾಗಿ ನಿಂತ ನೀರು ಆರಿಹೋದರೆ ಚರಂಡಿಯ ನಾತ ಮನೆಯೊಳಗೇ ಬಂದು ಕೂರುತ್ತದೆ, ಅದರ ಹಿಂದೆಯೇ ಜಿರಳೆಗಳ ದಿಬ್ಬಣ. ಮೂಗು ಮುಚ್ಚಿಕೊಂಡು ಮನೆ ಕೊಳ್ಳುವವರುಂಟೇ? ಅದಕ್ಕೇ ಈ ಕೆಲಸ. ಎಲ್ಲರೂ ಅವಳನ್ನು ನೀರಕ್ಕ ಎನ್ನುತ್ತಾರೆ.

ಕಟ್ಟಡ ಎದ್ದು ನಿಂತ ವರ್ಷವೇ ಮನೆಗಳ ವ್ಯಾಪಾರ ಮಕಾಡೆ ಮಲಗಿತು. ಬರುತ್ತೇವೆಂದವರು ಅತ್ತಲೇ ಹೋದರು. ಉಳಿದವರು ಕೆಳಗಿನ ಕೋಣೆಯ ಇಬ್ಬರೇ, ನೀರಕ್ಕ ಮತ್ತು ಕಾವಲು ಕಾಯುವ ಅವಳ ಗಂಡ. ಈ ವರ್ಷವೂ ಜನ ಬರದಿದ್ದರೆ ಇಡೀ ಕಟ್ಟಡಕ್ಕೆ ಬೀಗ ಎಂದು ಮಾಲೀಕರು ಹೇಳಿಬಿಟ್ಟಿದ್ದಾರೆ. ಬೀಗ ಬಿದ್ದರೆ ಕೆಲಸವೂ ಇಲ್ಲ, ತಲೆಯ ಮೇಲೆ ಸೂರೂ ಇಲ್ಲ.

ಈಗ ಮಾರುಕಟ್ಟೆ ಚೇತರಿಸಿಕೊಂಡಿದೆಯಂತೆ. ಮಾರಾಟ ನೋಡಿಕೊಳ್ಳುವ 'ಟೈ ಸಾಹೇಬರು' ಏಳೆಂಟು ಬಾಗಿಲಿಗೆ 'ಮಾರಾಟವಾಗಿದೆ' ಎಂಬ ಚೀಟಿ ಅಂಟಿಸಿದ್ದಾರೆ. ಆ ಮನೆಗಳ ಕಿಟಕಿಗೆ ಪರದೆಯೂ ಬಂದಿದೆ. ಗಂಡನಿಗೆ ಹಿಗ್ಗೋ ಹಿಗ್ಗು.

"ನೋಡಿದ್ಯಾ, ಜನ ಬಂದ್ರು," ಎನ್ನುತ್ತಾನೆ.

"ಜನ ಎಲ್ಲಿ ಬಂದ್ರು? ಪರದೆ ಬಂತು. ಎಲ್ಲಾ ಕಡೆ ಅದೇ ಬಟ್ಟೆ, ಅದೇ ಹೂವು. ಅಷ್ಟೂ ಮನೆ ಹೆಂಗಸ್ರು ಕೈ ಕೈ ಹಿಡ್ಕೊಂಡು ಅಂಗಡಿಗೆ ಹೋಗಿದ್ರಾ?"

"ನಿಂಗೆ ಎಲ್ಲದ್ರಲ್ಲೂ ಅನುಮಾನ. ಮದುವೆ ದಿನ ನಾನು ಬರ್ತೀನೋ ಇಲ್ವೋ ಅಂತಾನೂ ಅನುಮಾನ ಪಟ್ಟೋಳು."

"ತಡವಾಗೇ ತಾನೆ ಬಂದಿದ್ದು ನೀವು?"

ಚೀಟಿ ಅಂಟಿಸಿದ ಮನೆಗೂ ನೀರು ಹಾಕಲೇ ಎಂದು ಅವಳು ಸಾಹೇಬರನ್ನೇ ಕೇಳಿದ್ದಾಳೆ. ಫೋನಿನಿಂದ ತಲೆ ಎತ್ತದೆ "ಹಾಕಮ್ಮ, ಹಾಕು" ಎಂದರಂತೆ. "ಕೊಂಡೋರು ಬಂದು ಸ್ನಾನ ಮಾಡೋದಾದ್ರೆ ನಾನ್ಯಾಕೆ ಹಾಕ್ಬೇಕು? ಬೆಳ್ಳಗಿರೋದೆಲ್ಲ ಹಾಲಲ್ಲ," ಎನ್ನುತ್ತಾಳೆ ನೀರಕ್ಕ.

ಇವತ್ತು ಮೂರನೇ ಮಹಡಿಯಲ್ಲಿ, ಚೀಟಿ ಅಂಟಿದ ಒಂದು ಬಾಗಿಲಿಗೆ ಕೀಲಿ ತಿರುಗಿಸುತ್ತಾಳೆ. ಬಾಗಿಲು ಜಗ್ಗುವುದಿಲ್ಲ. ಒಳಗಿನಿಂದ ಚಿಲಕ. ಸಾಹೇಬರ ಹೊಸ ಆಟವೇನೋ ಎಂದು ಹುಬ್ಬು ಗಂಟಿಕ್ಕುತ್ತಾಳೆ.

"ಯಾರದು?" ಒಳಗೊಂದು ಹೆಣ್ಣುದನಿ.

"ಬಚ್ಚಲಿಗೆ ನೀರು ಹಾಕೋಳು ಕಣಮ್ಮ."

"ಈಗ ತಾನೆ ಮಗೂಗೆ ಸ್ನಾನ ಮಾಡಿಸ್ದೆ. ನೀರೇನೂ ಬೇಡ."

ಬಾಗಿಲ ಸಂದಿಯಿಂದ ಸೋಪಿನ ಪರಿಮಳ. ನೀರಕ್ಕ ಕೀಲಿ ಹಿಂದಕ್ಕೆ ತೆಗೆದು, ಬಕೆಟ್ ಎತ್ತಿಕೊಂಡು ಪಕ್ಕದ ಮನೆಗೆ ಹೋಗುತ್ತಾಳೆ.

ಕೆಳಗೆ ಗಂಡ ನಗುತ್ತಿದ್ದಾನೆ. "ರಾತ್ರಿ ನೀನು ಮಲಗಿದ್ಮೇಲೆ ಸಾಮಾನು ಇಳಿಸಿಕೊಟ್ಟೋನೇ ನಾನು. ಹೇಳಿದ್ರೆ ನಂಬ್ತಿದ್ಯಾ?"

"ಒಂದು ಬಚ್ಚಲ ಮಟ್ಟಿಗೆ ನಂಬ್ದೆ. ಮಿಕ್ಕಿದ್ದಕ್ಕೆಲ್ಲ ಇನ್ನೂ ನಾನೇ ನೀರು ಹಾಕ್ಬೇಕು."

ದಿನವೂ ಬರಿದಾಗಿ ಇಳಿಯುವ ಬಕೆಟಿನ ತಳದಲ್ಲಿ ಇವತ್ತು ಒಂದು ಚೊಂಬು ನೀರು ನಿಂತಿದೆ. ಅವಳು ಅದನ್ನು ಚೆಲ್ಲುವುದಿಲ್ಲ.

"ನಂಗೇನು ದೊಡ್ಡಾಸೆ ಇಲ್ಲ," ಎನ್ನುತ್ತಾಳೆ. "ನಾಳೆ ಇನ್ನೊಂದು ಚೊಂಬು ಮಿಗಲಿ."