ಲೀಲಾ ಬಾಯಲ್ಲಿ ಹಿಡಿದಿದ್ದ ಹಾಲು

ಠಣ್, ಠಣ್. ಅಲ್ಯೂಮಿನಿಯಂ ಡಬರಿಯ ಅಂಚಿಗೆ ಸೌಟು ಬಡಿಯುವ ಆ ಸದ್ದು ಅರವತ್ತು ವರ್ಷ ನನ್ನ ಕಿವಿಯಲ್ಲಿ ಸುಮ್ಮನೆ ಕೂತಿತ್ತು. ಮೊನ್ನೆ ಭಾನುವಾರ ಮೊಮ್ಮಗಳು ಟೀವಿಯಲ್ಲಿ ಜಪಾನಿನದೊಂದು ಆನಿಮೇಷನ್ ಫಿಲ್ಮ್ ಹಾಕಿದಳು. ಯುದ್ಧಕಾಲ, ದಿಕ್ಕಿಲ್ಲದ ಮಕ್ಕಳು, ಹಸಿವು, ಸುತ್ತ ಮರ್ಯಾದಸ್ಥ ಜನ. ಅದರಲ್ಲಿ ಯಾರೋ ಪಾತ್ರೆಗೆ ಸೌಟು ಬಡಿದರು, ಅಷ್ಟೇ. "ಸೋ ಸ್ಯಾಡ್, ಅಜ್ಜಿ," ಎಂದು ಮೊಮ್ಮಗಳು ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹೊಟ್ಟೆ ತುಂಬಿದವರ ಕಣ್ಣೆದುರಿಗೆ ಮಕ್ಕಳು ಸೊರಗುವುದಕ್ಕೆ ಸ್ಯಾಡ್ ಎನ್ನಬಾರದು.

ಗಡಿಯಲ್ಲಿ ಯುದ್ಧ ನಡೆದಿದ್ದ ಆ ವರ್ಷ ನಾನು ಧಾರವಾಡದ ಕಾನ್ವೆಂಟಿನಲ್ಲಿ ಐದನೆಯ ಕ್ಲಾಸು. ಕೆಲಗೇರಿ ಕೆರೆಯ ಹತ್ತಿರ ನಮ್ಮ ಮನೆ. ಹಿತ್ತಲಲ್ಲಿ ಎರಡು ಎಮ್ಮೆ, ಅಡುಗೆಮನೆಯಲ್ಲಿ ಸದಾ ಕಾಯಿಸಿದ ತುಪ್ಪದ ವಾಸನೆ. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಆ ವಾಸನೆ ನನ್ನ ಮೂಗಿನಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ರೇಷನ್ನಿನ ಬಿಸಿ ತಟ್ಟಿದ್ದರೂ ನಮಗೆ ತಟ್ಟಿರಲಿಲ್ಲ. ಶಾಲೆಯಲ್ಲಿ ಹನ್ನೊಂದು ಗಂಟೆಗೆ ಡಬರಿಗೆ ಸೌಟು ಬಡಿದು ಕರೆದು ಬಡ ಮಕ್ಕಳಿಗೆ ಪೌಡರ್ ಹಾಲು ಕೊಡುತ್ತಿದ್ದರು. ಅಲ್ಲೇ ನಿಂತು ಕುಡಿಯಬೇಕು, ಗ್ಲಾಸು ಬೋರಲು ಮಾಡಿ ತೋರಿಸಬೇಕು, "ಥ್ಯಾಂಕ್ ಯೂ, ಸಿಸ್ಟರ್" ಅನ್ನಬೇಕು. ಮನೆಗೆ ಒಯ್ಯುವ ಹಾಗಿಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಮಿಲ್ಕ್ ಮಾನಿಟರ್ ಯಾರು ಅಂತೀರಿ? ಬೆಳಿಗ್ಗೆ ಗಟ್ಟಿ ಎಮ್ಮೆ ಹಾಲು ಕುಡಿದು ಬರುತ್ತಿದ್ದ ನಾನು. ಎದೆಯ ಮೇಲೆ ಬ್ಯಾಡ್ಜು ಬೇರೆ.

ನನ್ನ ಕ್ಲಾಸಿನ ಲೀಲಾಳಿಗೆ ತಾಯಿ ಇರಲಿಲ್ಲ. ಮಿಲಿಟರಿಯಲ್ಲಿ ಡ್ರೈವರ್ ಆಗಿದ್ದ ತಂದೆ ಗಡಿಗೆ ಹೋದ ಮೇಲೆ ಕಾಗದ ಬರುವುದು ನಿಂತಿತ್ತು. ಅವಳೂ ಮೂರು ವರ್ಷದ ತಮ್ಮನೂ ಚಿಕ್ಕಪ್ಪನ ಮನೆಯಲ್ಲಿದ್ದರು. ದಿನವೂ ಲೀಲಾ ಗ್ಲಾಸು ಬೋರಲು ಮಾಡಿ, ಬರೀ ತಲೆಯಾಡಿಸಿ, ಬೇಲಿಯ ಕಡೆ ಓಡುತ್ತಿದ್ದಳು. ಸಿಸ್ಟರ್ ಗಮನಿಸುತ್ತಿರಲಿಲ್ಲ. ನಾನು ಬಿಡಲಿಲ್ಲ. ಒಂದು ದಿನ ಅಡ್ಡ ನಿಂತೆ.

"ಏ ಲೀಲಾ, ಥ್ಯಾಂಕ್ ಯೂ ಅನ್ನು. ತಲಿ ಅಲ್ಲಾಡಿಸಿದ್ರ ನಡ್ಯಾಂಗಿಲ್ಲ. ಬಾಯಿಲ್ಲೇನ ನಿನಗ?"

"ಮೂಕಿ ಆಗ್ಯಾಳ ತಗೋ," ಎಂದಳು ಹಿಂದೆ ನಿಂತವಳು. ಸಾಲೆಲ್ಲ ನಕ್ಕಿತು. ಲೀಲಾ ಕಣ್ಣಲ್ಲೇ ಬೇಡಿಕೊಂಡಳು. ನಾನು ಕದಲಲಿಲ್ಲ. ಕೊನೆಗೆ ಅವಳ ತುಟಿ ಸಡಿಲಾಗಿ, ಬಾಯಲ್ಲಿ ಹಿಡಿದಿದ್ದ ಹಾಲು ಗದ್ದದಿಂದ ಫ್ರಾಕಿನ ಮೇಲೆ ಇಳಿಯಿತು. ಬೇಲಿಯಾಚೆ ತಮ್ಮ ಬಟ್ಟಲು ಹಿಡಿದು ನಿಂತಿದ್ದ. "ಅಕ್ಕಾ, ಲಗೂ ಬಾ," ಎಂದು ಕೂಗಿದ. ದಿನವೂ ಅವಳು ಬಾಯಿ ತುಂಬ ಹಾಲು ಒಯ್ದು ಆ ಬಟ್ಟಲಿಗೆ ಹಾಕುತ್ತಿದ್ದಳು.

"ರೂಲ್ಸ್ ಆರ್ ರೂಲ್ಸ್," ಎಂದು ಸಿಸ್ಟರ್ ಲಿಸ್ಟಿನಿಂದ ಅವಳ ಹೆಸರು ಹೊಡೆದುಹಾಕಿದರು. ನನಗೆ ದೇವದೂತನ ಚಿತ್ರವಿದ್ದ ಒಂದು ಕಾರ್ಡ್ ಬಹುಮಾನವಾಗಿ ಬಂತು. ಮನೆಯಲ್ಲಿ ಅವ್ವ ಹಾಲಿನ ಕೆನೆ ತೆಗೆಯುತ್ತ ಎಲ್ಲ ಕೇಳಿದಳು. "ಛಲೋ ಮಾಡ್ದಿ. ಎಂಜಲಾ ಕುಡಸ್ತಿದ್ಲಲ್ಲ, ಎಂಥಾ ಹೊಲಸ," ಎಂದಳು. ಬೇರೆಯವರ ಮಕ್ಕಳನ್ನೂ ಪ್ರೀತಿಯಿಂದ ಎತ್ತಿ ಆಡಿಸುತ್ತಿದ್ದ ನನ್ನ ಅವ್ವನಿಗೆ ಎಂಜಲು ಕಂಡಿತು, ಹಸಿವು ಕಾಣಲಿಲ್ಲ. ಹಿತ್ತಲಲ್ಲಿ ಎರಡು ಎಮ್ಮೆ ಇದ್ದವು. ಒಂದು ತಂಬಿಗೆ ಹಾಲು ಕಳಿಸುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹತ್ತು ವರ್ಷದ ಹುಡುಗಿಗೆ ಏನು ತಿಳಿದೀತು ಅನ್ನಬೇಡಿ. ಅಡ್ಡ ನಿಂತಾಗ ಅವಳ ಉಬ್ಬಿದ ಕೆನ್ನೆ ನೋಡಿದ್ದೆ. ಬಾಯಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು.

ಎಂಟು ದಿನದ ಮೇಲೆ ಟಾಂಗಾದಲ್ಲಿ ಮನೆಗೆ ಬರುತ್ತಿದ್ದೆ. ಕೆರೆ ದಂಡೆಯ ರಸ್ತೆಯಲ್ಲಿ ಲೀಲಾಳ ಚಿಕ್ಕಪ್ಪ ಬಟ್ಟೆಗಂಟು ಹಿಡಿದು ಮುಂದೆ ನಡೆದಿದ್ದ. ಹಿಂದೆ ಲೀಲಾ, ಟೊಂಕದ ಮೇಲೆ ತಮ್ಮ. "ಅನಾಥಾಶ್ರಮಕ್ಕ ಬಿಡಾಕ ಹೊಂಟಾರವ್ವಾ," ಎಂದ ಟಾಂಗಾದವ. "ಲೀಲಾ," ಎಂದು ಕರೆದೆ. ಅವಳು ನಿಂತಳು. ಗ್ಲಾಸು ಬೋರಲು ಮಾಡಿ ತೋರಿಸುವಷ್ಟೇ ಶಿಸ್ತಿನಿಂದ ನನ್ನತ್ತ ತಿರುಗಿ ಬಾಯಿ ಅಗಲಿಸಿ ತೋರಿಸಿದಳು. ಒಳಗೆ ಏನೂ ಇರಲಿಲ್ಲ.