ಐಸ್‌ಲ್ಯಾಂಡಿಗೆ ಹೋಗಾಣ ಅಂದಿದ್ದೆ

ಕಳೆದ ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಕರಿಯಪ್ಪ ಮಾವ ನಿಂತಿದ್ದರು. ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆಯಲ್ಲಿ ಭಂಡಾರ. ಒಂದು ಹೆಗಲ ಮೇಲೆ ಬುತ್ತಿಗಂಟು, ಇನ್ನೊಂದರ ಮೇಲೆ ಎರಡು ಹೊಸ ಕಂಬಳಿ.

"ರೆಡಿ ಏನಪ್ಪ? ಬಸ್ ಎಷ್ಟೊತ್ತಿಗೈತೆ?"

ಯಾವ ಬಸ್ಸು ಮಾವ ಅಂತ ಕೇಳಿದೆ.

"ಅದೇ ಕಣಲೇ, ಐಸ್ಲಾಂಡಿಂದು."

ನಿಮಗೆ ನಗು ಬಂತೇ? ನನಗೂ ಬಂತು. ಹೆಚ್ಚು ಹೊತ್ತು ಉಳಿಯಲಿಲ್ಲ.

ಕರಿಯಪ್ಪ ನನ್ನ ಸೋದರಮಾವ. ಹಿರೇಗುಂಟನೂರಿನಲ್ಲಿ ಕುರಿ ಸಾಕಿಕೊಂಡು ಬದುಕಿದವರು. ಅವರ ತಲೆಗೆ ಐಸ್‌ಲ್ಯಾಂಡ್ ಹೊಕ್ಕಿದ್ದು ಹೇಗೆ? ಇದನ್ನು ಬರೆಯುತ್ತಿರುವ ಈ ಪುಣ್ಯಾತ್ಮನ ಬಾಯಿಂದ.

ನಾನು ಪಾಠ ಹೇಳುವ ಚಿತ್ರದುರ್ಗದ ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರೊಬ್ಬರಿದ್ದಾರೆ. ಅವರ ಹತ್ತಿರ ಬಣ್ಣದ ಚಿತ್ರಗಳ ಒಂದು ಇಂಗ್ಲಿಷ್ ಮ್ಯಾಗಜಿನ್ ಇದೆ. ಬೆಂಕಿ ಕಾರುವ ಗುಡ್ಡ, ಅದರ ಪಕ್ಕದಲ್ಲೇ ಹಿಮ, ನೆಲದಿಂದ ಚಿಮ್ಮುವ ಬಿಸಿನೀರು. ನೋಡಿದ ದಿನದಿಂದ ನಮ್ಮಿಬ್ಬರಿಗೂ ಹುಚ್ಚು ಹಿಡಿಯಿತು. ಸಂಜೆಯಾದರೆ ಅಟ್ಲಾಸ್ ಬಿಚ್ಚುತ್ತೇವೆ. ಬೊಂಬಾಯಿ, ಲಂಡನ್, ಅಲ್ಲಿಂದ ಇನ್ನೊಂದು ವಿಮಾನ. ಮೊದಲು ಬಿಸಿನೀರಿನ ಬುಗ್ಗೆಯೋ, ಜ್ವಾಲಾಮುಖಿಯೋ ಅಂತ ಜಗಳವನ್ನೂ ಆಡಿದ್ದೇವೆ. ಇಬ್ಬರಿಗೂ ಪಾಸ್‌ಪೋರ್ಟ್ ಇಲ್ಲ. (ಸರ್ಕಾರ ಕೊಡುವ ವಿದೇಶಿ ವಿನಿಮಯದಲ್ಲಿ ಲಂಡನ್ನಿನಲ್ಲೊಂದು ಕಾಫಿ ಕುಡಿದು ವಾಪಸ್ ಬರಬಹುದು, ಅಷ್ಟೆ.) ಆದರೆ ಪ್ಲಾನ್ ಹಾಕುವುದಕ್ಕೇನು ಟ್ಯಾಕ್ಸ್ ಇದೆಯೇ?

ಪ್ಲಾನ್ ಅಟ್ಲಾಸಿನಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹೋದ ತಿಂಗಳು ಮಾವನ ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯ. ಪಂಕ್ತಿಯಲ್ಲಿ ಊರ ಹಿರಿಯರೆಲ್ಲ ಕೂತಿದ್ದರು. ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಐಸ್‌ಲ್ಯಾಂಡಿಗೆ ಹೋಗಾಣ ಅಂತ ಮಾವ" ಅಂದೆ.

ನಮ್ಮ ಕಡೆಯ ಮಾತು ನಿಮಗೆ ಗೊತ್ತಲ್ಲ. "ಹೋಗಾಣ ಅಂತ" ಅಂದರೆ ನಾನು ಹೋಗಬೇಕು ಅಂದುಕೊಂಡಿದ್ದೇನೆ ಅಂತಲೂ ಆಯಿತು, ನಾವೆಲ್ಲ ಸೇರಿ ಹೋಗೋಣ ಅಂತಲೂ ಆಯಿತು. ನಾನು ಮೊದಲನೆಯದನ್ನು ಹೇಳಿದೆ. ಮಾವ ಎರಡನೆಯದನ್ನು ಕೇಳಿಸಿಕೊಂಡರು.

"ಕುರಿ ಅವೇನೋ ಅಲ್ಲಿ?"

ಇಲ್ಲದೆ ಏನು! ಮನುಷ್ಯರಿಗಿಂತ ಕುರಿಗಳೇ ಜಾಸ್ತಿ ಅಂದೆ. ಬೇಸಿಗೆಯಲ್ಲಿ ಗುಡ್ಡಕ್ಕೆ ಬಿಟ್ಟುಬಿಡುತ್ತಾರೆ, ಚಳಿಗೆ ಮುಂಚೆ ಜನರೆಲ್ಲ ಹೋಗಿ ಇಳಿಸಿಕೊಂಡು ಬರುತ್ತಾರೆ, ಕಿವಿಯ ಗುರುತು ನೋಡಿ ಅವರವರ ಕುರಿ ಬೇರೆ ಮಾಡಿಕೊಳ್ಳುತ್ತಾರೆ ಅಂತ ಮ್ಯಾಗಜಿನ್‌ನಲ್ಲಿ ಓದಿದ್ದನ್ನೆಲ್ಲ ಒದರಿದೆ.

ಮಾವ ಊಟ ನಿಲ್ಲಿಸಿದರು. "ಕಿವಿ ಗುರುತೇ? ನಮ್ಮಂಗೇ?"

"ನಮ್ಮಂಗೇ ಮಾವ."

"ಅದನ್ನ ನೋಡ್ಬೇಕಲ್ಲಪ್ಪ. ಹಂಗಾರೆ ಹೋಗಾಣ ಅಂತೀಯಾ?"

ನನ್ನ ಬಾಯಲ್ಲಿ ಹೋಳಿಗೆ. "ಹೋಗಾಣ ಮಾವ, ಹೋಗಾಣ. ಈ ತಿಂಗ್ಳು ಕಳೀಲಿ" ಅಂದುಬಿಟ್ಟೆ. ವ್ಯಾಕರಣದ ಮೇಲೆ ತಪ್ಪು ಹೊರಿಸಿ ಜಾರಿಕೊಳ್ಳುವ ದಾರಿಯೂ ಅಲ್ಲಿಗೆ ಮುಚ್ಚಿತು.

ಮಾವ ಹೊತ್ತು ಕಳೆಯಲು ಮಾತಾಡುವವರಲ್ಲ. ತಿಂಗಳು ಕಳೆಯುವುದನ್ನೇ ಕಾದರು. ಕುರಿ ಹಿಂಡನ್ನು ತಮ್ಮನಿಗೆ ಒಪ್ಪಿಸಿದರು. ಊರಿನವರು ಹಾರ ಹಾಕಿ, ಬಸ್ಸಿನ ಮುಂದೆ ತೆಂಗಿನಕಾಯಿ ಒಡೆದು ಕಳಿಸಿಕೊಟ್ಟರು. ಗಂಟಿನಲ್ಲಿ ರಾಗಿಹಿಟ್ಟು ಬೇರೆ, ಅಲ್ಲಿ ಮುದ್ದೆ ಸಿಗುವುದಿಲ್ಲವಲ್ಲ ಅಂತ.

ಕಂಬಳಿ ಒಂದನ್ನು ನನ್ನ ಕೈಗೆ ಕೊಟ್ಟರು. "ಚಳಿ ದೇಶ ಅಂದಿದ್ದೆಯಲ್ಲ. ನಿನಗೊಂದು, ನನಗೊಂದು ನೇಯಿಸ್ದೆ."

ಆ ಕಂಬಳಿಯನ್ನು ಹಿಡಿದುಕೊಂಡು ನಿಂತಾಗ ಆದ ನಾಚಿಕೆಯನ್ನು ಹೇಗೆ ಹೇಳಲಿ? ನೆಲ ಬಿರಿಯಬಾರದೇ ಅನ್ನಿಸಿತು.

ಒಳಗೆ ಬಂದರೆ ಸರೋಜ, ನನ್ನ ಹೆಂಡತಿ, ಕಾಫಿ ಸೋಸುತ್ತಿದ್ದಳು. "ನೀವೇ ಹೇಳ್ರಿ. ನಾನಂತೂ ಹೇಳಾಕಿಲ್ಲ" ಅಂದಳು.

ಹೇಳಿದೆನೇ? ಇಲ್ಲ. ಪಾಸ್‌ಪೋರ್ಟ್ ಬರಬೇಕು, ಒಂದೆರಡು ದಿನ ತಡ ಅಂದೆ. ಹೇಡಿತನಕ್ಕೂ ಒಂದು ಇಂಗ್ಲಿಷ್ ಪದ ಸಿಕ್ಕಿತು. ಮಾವ ನಂಬಿದರು. ದಿನಾ ಬೆಳಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಜಗಲಿಯ ಮೇಲೆ ಪೋಸ್ಟ್‌ಮ್ಯಾನ್‌ನ ದಾರಿ ಕಾದರು. ಗುರುವಾರ ಅವನು ಬರುವುದು ಕಂಡು ಎದ್ದು ನಿಂತರು. ಅವನು ಪಕ್ಕದ ಮನೆಗೆ ಹೋದ. ಮಾವ ನನ್ನ ಕಡೆ ತಿರುಗಿ, "ನಾಳೆ ಬರ್ಬೋದು ಬಿಡು" ಅಂತ ನನಗೇ ಸಮಾಧಾನ ಹೇಳಿದರು.

ಆಗ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಹೋಗದಿದ್ರೆ ಹೋಗ್ಲಿ. ಊರಾಗೆ ಏನಂತ ಹೇಳ್ಲಿ?" ಅಂದರು.

"ಸರ್ಕಾರದೋರು ಬಿಡ್ಲಿಲ್ಲ ಅನ್ರಿ ಮಾವ." (ಆಗಲೂ ನನಗೆ ಬುದ್ಧಿ ಬಂದಿರಲಿಲ್ಲ.)

"ಅದು ಸುಳ್ಳಲ್ಲೇನೋ? ಮುದುಕ ವಿಮಾನ ಕಂಡು ಹೆದರ್ಕಂಡು ಬಂದ ಅಂತಾರೆ. ಹಾರ ಹಾಕಿಸ್ಕಂಡು ಬಂದೀನಪ್ಪ ನಾನು. ನಿಜ ಹೇಳಿದ್ರೆ ನಿನ್ನ ಮರ್ಯಾದೆ ಹೋಗುತ್ತೆ, ನೀನು ನನ್ನ ತಂಗಿ ಮಗ."

ಅವರಿಗೆ ನನ್ನ ಮರ್ಯಾದೆಯ ಚಿಂತೆ! ನನಗೆ ಅಳು ಬಂತು. ಮಾವ ತುಸು ಯೋಚಿಸಿ ಮತ್ತೆ ಕೇಳಿದರು. "ಪೇಪರ್‌ನಾಗೆ ಬರೀತೀಯಂತಲ್ಲ ನೀನು? ಅದನ್ನ ನಮ್ಮೂರ ಹೋಟ್ಲಾಗೆ ಗಟ್ಟಿಯಾಗಿ ಓದ್ತಾರೆ. ನಿನಗೆ ಆಗೋದಾದ್ರೆ ನಡೆದಿದ್ದನ್ನ ಅದ್ರಾಗೇ ಬರಿ."

ಬರೆದಿದ್ದೇನೆ. ಹಿರೇಗುಂಟನೂರಿನ ಹಿರಿಯರೇ, ಕರಿಯಪ್ಪ ಮಾವ ಹೆದರಿ ವಾಪಸ್ ಬರುತ್ತಿಲ್ಲ. ಅವರು ಹೊರಟೇ ಬಂದಿದ್ದರು. ಕರೆದುಕೊಂಡು ಹೋಗುತ್ತೇನೆ ಅಂದವನ ಹತ್ತಿರ ಇದ್ದದ್ದು ಬರೀ ಬಾಯಿ. ಈ ಪೇಪರ್ ನಿಮ್ಮ ಹೋಟೆಲಿಗೆ ಬಂದ ಮಾರನೆಯ ದಿನ ಬೆಳಗಿನ ಬಸ್ಸಿಗೆ ಅವರು ಊರಿಗೆ ಬರುತ್ತಾರೆ. ಐಸ್‌ಲ್ಯಾಂಡ್ ಹೆಂಗಿತ್ತು ಅಂತ ದಯವಿಟ್ಟು ಅವರನ್ನು ಕೇಳಬೇಡಿ.

ಅದೇ ಬಸ್ಸಿನಿಂದ ನಾನೂ ಇಳಿಯುತ್ತೇನೆ, ನನ್ನನ್ನು ಕೇಳಿ.